ತಪ್ಪು ಉತ್ತರಗಳನ್ನು ಓದುವವರು

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಬೀಕರಿನ ನೀರು ಕೊತಕೊತ ಕುದಿಯುತ್ತಿದೆ. ಅದರಲ್ಲಿ ಇಳಿಬಿಟ್ಟ ಥರ್ಮಾಮೀಟರ್ 97 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ. ಎಷ್ಟು ಉರಿ ಕೊಟ್ಟರೂ ಮೇಲೇರುವುದಿಲ್ಲ. ಸುತ್ತ ನಿಂತ ಐದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸ್ವಲ್ಪ ಹೊತ್ತು ಕಾದು, ಒಬ್ಬಳು ಪುಸ್ತಕದಲ್ಲಿ 100 ಎಂದು ಬರೆಯುತ್ತಾಳೆ. ಉಳಿದ ನಾಲ್ವರೂ ಅದನ್ನೇ ಬರೆದುಕೊಳ್ಳುತ್ತಾರೆ.

ಪಿರಿಯಡ್ ಮುಗಿಯಲು ಇನ್ನು ಆರು ನಿಮಿಷವಿದೆ. ಶಿಕ್ಷಕಿಗೆ ಇದೆಲ್ಲ ಕಾಣಿಸಿದೆ. ಈಗ ಅವರು ಏನು ಮಾಡಬೇಕು?

ಶಾಲೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ 97 ಸರಿಯಾದ ಉತ್ತರವೇ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಂತೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ತಗ್ಗುತ್ತದೆ. ಥರ್ಮಾಮೀಟರಿನಲ್ಲೇ ಅರ್ಧ ಡಿಗ್ರಿ ದೋಷವೂ ಇರಬಹುದು. ಅಂದರೆ ಆ ಮಕ್ಕಳು ಕಣ್ಣಾರೆ ಕಂಡ ಸತ್ಯವನ್ನು ಬಿಟ್ಟು ಪುಸ್ತಕದ ಸಂಖ್ಯೆಯನ್ನು ಬರೆದರು. ಈಗ ಪ್ರಯೋಗ ನಿಲ್ಲಿಸಿ "ನೀವು ನೋಡಿದ್ದು ಎಷ್ಟು?" ಎಂದು ಕೇಳಿದರೆ ಒಂದು ದೊಡ್ಡ ಪಾಠ ಆರಂಭವಾಗುತ್ತದೆ. ಆದರೆ ಇವತ್ತಿನ ಪಾಠಯೋಜನೆ ಮುಗಿಯುವುದಿಲ್ಲ. ಸುಮ್ಮನೆ ಸರಿ ಗುರುತು ಹಾಕಿದರೆ ಯೋಜನೆಯೇನೋ ಮುಗಿಯುತ್ತದೆ, ಆದರೆ ತಮ್ಮ ಕಣ್ಣನ್ನು ನಂಬಬಾರದು ಎಂದು ಮಕ್ಕಳು ಕಲಿತು ಹೋಗುತ್ತಾರೆ. ಇಂಥ ನಿರ್ಧಾರವನ್ನು ವಿಜ್ಞಾನ ಶಿಕ್ಷಕರು ದಿನಕ್ಕೆ ಹಲವು ಸಲ, ನಿಂತ ಕಾಲಲ್ಲೇ ತೆಗೆದುಕೊಳ್ಳುತ್ತಾರೆ.

ಹೊರಗಿನಿಂದ ನೋಡುವವರಿಗೆ ಈ ಕೆಲಸ ನೇರವಾಗಿ ಕಾಣುತ್ತದೆ. ಗೊತ್ತಿರುವವರು ಹೇಳುತ್ತಾರೆ, ಗೊತ್ತಿಲ್ಲದವರು ಕೇಳಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ತರಗತಿಯಲ್ಲಿ ನಿಂತ ಮೇಲೆ ನನಗೆ ಅನಿಸಿರುವುದು ಬೇರೆ. ಹೇಳುವುದು ಈ ಕೆಲಸದ ಸುಲಭದ ಭಾಗ. ಮಗುವಿನ ತಲೆಯಲ್ಲಿ ಈಗಾಗಲೇ ಏನಿದೆ ಎಂದು ಕಂಡುಹಿಡಿಯುವುದು ಕಷ್ಟದ ಭಾಗ, ಮತ್ತು ದಿನದ ಬಹುಪಾಲು ಶ್ರಮ ಅಲ್ಲಿಗೇ ಹೋಗುತ್ತದೆ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಇದನ್ನು ಪ್ರತ್ಯೇಕ ಜ್ಞಾನವೆಂದೇ ಗುರುತಿಸಿದರು. ವಿಷಯ ತಿಳಿದಿರುವುದು ಒಂದು, ಬೋಧನೆಯ ಸಾಮಾನ್ಯ ಕ್ರಮ ತಿಳಿದಿರುವುದು ಇನ್ನೊಂದು. ಇವೆರಡೂ ಬೆರೆತ ಮೂರನೆಯ ಬಗೆಯೊಂದಿದೆ: ಈ ವಿಷಯದ ಈ ಭಾಗದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಏಕೆ ಎಡವುತ್ತಾರೆ, ಯಾವ ಉದಾಹರಣೆ ಅಲ್ಲಿಂದ ಎತ್ತಿ ನಿಲ್ಲಿಸುತ್ತದೆ ಎಂಬ ತಿಳಿವಳಿಕೆ. ಭೌತವಿಜ್ಞಾನದಲ್ಲಿ ಚಿನ್ನದ ಪದಕ ಪಡೆದವರಿಗೂ ಅದು ತಾನಾಗಿ ಬರುವುದಿಲ್ಲ.

ಚಲನೆಯ ಪಾಠವನ್ನೇ ನೋಡಿ. ಹದಿನಾಲ್ಕು ವರ್ಷ ಓಡಿ, ಬಿದ್ದು, ಚೆಂಡು ಎಸೆದು, ಸೈಕಲ್ ತುಳಿದು ಬೆಳೆದ ಮಗುವಿಗೆ ಚಲನೆಯ ಬಗ್ಗೆ ತನ್ನದೇ ಸಿದ್ಧಾಂತವಿರುತ್ತದೆ. ತಳ್ಳುತ್ತಿದ್ದರೆ ವಸ್ತು ಸಾಗುತ್ತದೆ, ತಳ್ಳುವುದನ್ನು ಬಿಟ್ಟರೆ ನಿಲ್ಲುತ್ತದೆ. ಮಗುವಿನ ಅನುಭವದಲ್ಲಿ ಇದು ಒಮ್ಮೆಯೂ ಸುಳ್ಳಾಗಿಲ್ಲ, ಏಕೆಂದರೆ ಘರ್ಷಣೆ ಕಣ್ಣಿಗೆ ಕಾಣುವುದಿಲ್ಲ. ಅರಿಸ್ಟಾಟಲ್‌ನ ಚಿಂತನೆಯೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿತ್ತು. ಅಲ್ಲಿಂದ ಗೆಲಿಲಿಯೊವನ್ನು ದಾಟಿ, 1687ರಲ್ಲಿ ನ್ಯೂಟನ್ ತನ್ನ ನಿಯಮಗಳನ್ನು ಪ್ರಕಟಿಸುವ ಹೊತ್ತಿಗೆ ಸುಮಾರು ಎರಡು ಸಾವಿರ ವರ್ಷ ಕಳೆದಿತ್ತು. ಅದೇ ದಾರಿಯನ್ನು ನಮ್ಮ ಮಕ್ಕಳು ಆರೇಳು ಪಿರಿಯಡ್‌ಗಳಲ್ಲಿ ದಾಟಬೇಕು.

ಪಾಠ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ ನೋಡಬಹುದು. ಚೆಂಡನ್ನು ನೇರವಾಗಿ ಮೇಲಕ್ಕೆ ಎಸೆದಿದ್ದೀರಿ, ಅದು ಕೈಬಿಟ್ಟು ಇನ್ನೂ ಏರುತ್ತಿದೆ. ಈಗ ಅದರ ಮೇಲೆ ಯಾವ ಬಲವಿದೆ, ಬಾಣದ ಗುರುತಿನಿಂದ ತೋರಿಸಿ. ನ್ಯೂಟನ್ನನ ಮೂರೂ ನಿಯಮಗಳನ್ನು ಅಕ್ಷರ ತಪ್ಪದೆ ಬರೆಯುವ ಮಕ್ಕಳು ಕೂಡ ಮೇಲ್ಮುಖವಾಗಿ ಒಂದು ಬಾಣ ಎಳೆಯುತ್ತಾರೆ. ಗಾಳಿಯ ತಡೆಯನ್ನು ಬದಿಗಿಟ್ಟರೆ ಆ ಚೆಂಡಿನ ಮೇಲಿರುವುದು ಭೂಮಿಯ ಕೆಳಮುಖ ಸೆಳೆತವೊಂದೇ. ಕೈ ಕೊಟ್ಟ ತಳ್ಳು ಕೈಯಲ್ಲೇ ಮುಗಿದುಹೋಗಿದೆ, ಚೆಂಡಿನ ಜೊತೆ ಮೇಲೆ ಹೋಗಿರುವುದು ವೇಗ ಮಾತ್ರ.

ಚಿಕ್ಕ ಮಕ್ಕಳ ತೊಡಕು ಮಾತ್ರ ಇದು ಎಂದುಕೊಂಡರೆ ತಪ್ಪಾಗುತ್ತದೆ. 1985ರಲ್ಲಿ ಅಮೆರಿಕದ ಇಬ್ರಾಹಿಂ ಹಲೂನ್ ಮತ್ತು ಡೇವಿಡ್ ಹೆಸ್ಟೆನೆಸ್ ಲೆಕ್ಕಗಳೇ ಇಲ್ಲದ, ಸಾಧಾರಣ ಮಾತಿನಲ್ಲಿ ಬಲ ಮತ್ತು ಚಲನೆಯ ಬಗ್ಗೆ ಕೇಳುವ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಅದನ್ನು ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ, ಇದಕ್ಕೆ ನೀವು ಕಲಿಸಿದಂತೆ ಉತ್ತರಿಸಬೇಕೋ ಅಥವಾ ನಾನು ಯೋಚಿಸುವಂತೆ ಉತ್ತರಿಸಬೇಕೋ ಎಂದು ಕೇಳಿದಳು. ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದ ಅನೇಕರು ಈ ಸರಳ ಪ್ರಶ್ನೆಗಳಲ್ಲಿ ಸೋತರು. ಮಜೂರ್ ತಮ್ಮ ಬೋಧನೆಯ ರೀತಿಯನ್ನೇ ಬದಲಿಸಿದ್ದು ಆ ಬಳಿಕ. ಆ ವಿದ್ಯಾರ್ಥಿನಿಯ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತಲೆಯಲ್ಲಿ ಎರಡು ಲೆಕ್ಕದ ಪುಸ್ತಕಗಳಿರುತ್ತವೆ, ಒಂದು ಪರೀಕ್ಷೆಗೆ, ಇನ್ನೊಂದು ಬದುಕಿಗೆ. ಹೆಚ್ಚಿನ ಮಕ್ಕಳು ಎರಡನೆಯದನ್ನು ನಮಗೆ ತೋರಿಸುವುದೇ ಇಲ್ಲ.

ಜೀವವಿಜ್ಞಾನದಲ್ಲೂ ಹೀಗೆಯೇ. ಬೃಹತ್ತಾದ ಮರದ ಕಾಂಡವನ್ನು ತೋರಿಸಿ, ಇಷ್ಟೊಂದು ಕಟ್ಟಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ಮಣ್ಣಿನಿಂದ ಎಂಬ ಉತ್ತರ ಥಟ್ಟನೆ ಬರುತ್ತದೆ. ಬೇರು ಮಣ್ಣಿನಲ್ಲಿದೆ, ಗೊಬ್ಬರ ಹಾಕುವುದು ಮಣ್ಣಿಗೆ, ಇನ್ನೆಲ್ಲಿಂದ ಬರಬೇಕು? ಬೆಲ್ಜಿಯಂ ಸೀಮೆಯ ವ್ಯಾನ್ ಹೆಲ್ಮಾಂಟ್ ಎಂಬಾತ 17ನೇ ಶತಮಾನದಲ್ಲಿ ಇದನ್ನು ತೂಗಿಯೇ ನೋಡಿದ. ಸುಮಾರು 90 ಕಿಲೋ ಒಣಮಣ್ಣಿನಲ್ಲಿ ಎರಡೂಕಾಲು ಕಿಲೋದ ವಿಲೋ ಸಸಿ ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿದ. ಕೊನೆಗೆ ಮರ ಸುಮಾರು 77 ಕಿಲೋ ತೂಗಿತು, ಮಣ್ಣು ಕಳೆದುಕೊಂಡದ್ದು 60 ಗ್ರಾಮಿನಷ್ಟು. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ, ಅದೂ ಪೂರ್ತಿ ಸರಿಯಲ್ಲ. ಕಟ್ಟಿಗೆಯ ಇಂಗಾಲವೆಲ್ಲ ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಬರುತ್ತದೆ. ಈ ಕತೆ ಹೇಳುವಾಗ ನಾನು ಅವನ ತಪ್ಪನ್ನು ಮುಚ್ಚಿಡುವುದಿಲ್ಲ. ಅಷ್ಟು ಜಾಗ್ರತೆಯಿಂದ ತೂಗಿದವನೂ ತಪ್ಪಿದ ಎಂದು ಕೇಳಿದ ಮೇಲೆ ಹಿಂದಿನ ಬೆಂಚಿನಿಂದ ಮೊದಲ ಸಲ ಒಂದು ಕೈ ಏಳುವುದನ್ನು ನಾನು ಕಂಡಿದ್ದೇನೆ.

ಇನ್ನು ಮಾತಿನ ತೊಡಕು. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಪದಗಳನ್ನು ದಿನದ ಮಾತಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬಳಸುತ್ತೇವೆ. ತರಗತಿಯೊಳಗೆ ಕಾಲಿಟ್ಟೊಡನೆ ಅವು ಮೂರು ಬೇರೆ ಬೇರೆ ಪರಿಮಾಣಗಳಾಗುತ್ತವೆ: ಒಂದನ್ನು ಅಳೆಯುವುದು ನ್ಯೂಟನ್‌ನಲ್ಲಿ, ಇನ್ನೊಂದನ್ನು ಜೂಲ್‌ನಲ್ಲಿ, ಮತ್ತೊಂದನ್ನು ವಾಟ್‌ನಲ್ಲಿ. ತೂಕ ಎಂದರೆ ಕಿಲೋ ಎಂದು ತಿಳಿದಿದ್ದ ಮಗುವಿಗೆ ಅದು ದ್ರವ್ಯರಾಶಿ, ತೂಕವನ್ನು ನ್ಯೂಟನ್‌ನಲ್ಲಿ ಹೇಳಬೇಕು ಎನ್ನುತ್ತೇವೆ. ಎಲ್ಲಕ್ಕಿಂತ ಕಷ್ಟ ಕೊಡುವ ಪದ 'ಕೆಲಸ'. ತಲೆಯ ಮೇಲೆ ಇಪ್ಪತ್ತು ಕಿಲೋ ಹೊರೆ ಹೊತ್ತು ಒಂದು ಗಂಟೆ ಅಲುಗದೆ ನಿಂತವನು ಹೊರೆಯ ಮೇಲೆ ಮಾಡಿದ ಕೆಲಸ ಸೊನ್ನೆ ಎಂದು ಭೌತವಿಜ್ಞಾನ ಹೇಳುತ್ತದೆ, ಏಕೆಂದರೆ ಅಲ್ಲಿ ಸ್ಥಾನಪಲ್ಲಟವಿಲ್ಲ. "ಹಾಗಾದರೆ ಅವನಿಗೆ ಬೆವರು ಏಕೆ ಬಂತು, ಮೇಡಂ?" ಎಂದು ಯಾರಾದರೂ ಕೇಳಿದರೆ ಅದು ಎದುರುಮಾತಲ್ಲ, ಉತ್ತಮ ಪ್ರಶ್ನೆ. ಸ್ನಾಯುವಿನ ಎಳೆಗಳು ಬಿಗಿತವನ್ನು ಹಿಡಿದಿಡಲು ಒಳಗೊಳಗೇ ನಿರಂತರ ಶಕ್ತಿ ವ್ಯಯಿಸುತ್ತವೆ, ಅದು ಶಾಖವಾಗಿ ಹೋಗುತ್ತದೆ, ಹೊರೆಗೆ ಮಾತ್ರ ಸೇರುವುದಿಲ್ಲ. ಇಷ್ಟು ಹೇಳಲು ಮೂರು ನಿಮಿಷ ಸಾಕು. ಆ ಮೂರು ನಿಮಿಷ ಸಿಗದ ದಿನ "ವ್ಯಾಖ್ಯೆ ಹಾಗಿದೆ, ಬರೆದುಕೊಳ್ಳಿ" ಎಂಬ ಮಾತು ಬಾಯಿಂದ ಬಂದುಬಿಡುತ್ತದೆ. ನನ್ನ ಬಾಯಿಂದಲೂ ಬಂದಿದೆ. ಕೇಳಿದ ಹುಡುಗ ಆಮೇಲೆ ಬಹಳ ದಿನ ಏನನ್ನೂ ಕೇಳಲಿಲ್ಲ.

ರಸಾಯನವಿಜ್ಞಾನದ ಕಷ್ಟ ಬೇರೆ ಬಗೆಯದು. ಗ್ಲಾಸ್ಗೊ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ ಅದನ್ನು ಮೂರು ನೆಲೆಗಳಾಗಿ ಬಿಡಿಸಿ ತೋರಿಸಿದರು. ನೀರಿನಲ್ಲಿ ಉಪ್ಪು ಕರಗಿತು ಎನ್ನುವುದು ಕಣ್ಣಿಗೆ ಕಾಣುವ ನೆಲೆ. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಾವೇಶವುಳ್ಳ ಕಣಗಳು, ಬೇರ್ಪಟ್ಟು ನೀರಿನ ಅಣುಗಳ ನಡುವೆ ಹಂಚಿಹೋದವು ಎನ್ನುವುದು ಕಾಣದ ನೆಲೆ. ಕರಿಹಲಗೆಯ ಮೇಲಿನ ಸಂಕೇತ ಮತ್ತು ಸಮೀಕರಣ ಮೂರನೆಯದು. ಅಭ್ಯಾಸವಾದ ಶಿಕ್ಷಕರು ಒಂದೇ ವಾಕ್ಯದಲ್ಲಿ ಮೂರೂ ನೆಲೆಗಳನ್ನು ಹತ್ತಿ ಇಳಿಯುತ್ತಾರೆ, ಹತ್ತಿ ಇಳಿದದ್ದು ಅವರ ಗಮನಕ್ಕೂ ಬರುವುದಿಲ್ಲ. ಕೆಳಗೆ ಕುಳಿತ ಮಗು ಇನ್ನೂ ಮೊದಲ ಮೆಟ್ಟಿಲಲ್ಲೇ ಇರುತ್ತದೆ. ಒಂದು ಗುಟುಕಿನಷ್ಟಾಗುವ 18 ಗ್ರಾಮ್ ನೀರಿನಲ್ಲಿ, 6ರ ಮುಂದೆ 23 ಸೊನ್ನೆ ಬರೆದರೆ ಎಷ್ಟಾಗುತ್ತದೋ ಸುಮಾರು ಅಷ್ಟು ಅಣುಗಳಿವೆ. ಕಾಣದ್ದನ್ನು ನಂಬಿಸುವುದಕ್ಕಿಂತ, ಅದು ನಮಗೆ ಹೇಗೆ ತಿಳಿಯಿತು ಎಂದು ತೋರಿಸುವುದು ಕಷ್ಟ. ಆದರೆ ವಿಜ್ಞಾನವೆಂದರೆ ಅದೇ ಅಲ್ಲವೇ?

ಇಷ್ಟೂ ತರಗತಿಯೊಳಗಿನ ಮಾತು. ತರಗತಿ ತೆರೆಯುವ ಮೊದಲಿನ ಕೆಲಸವನ್ನು ಬಹುತೇಕ ಯಾರೂ ನೋಡುವುದಿಲ್ಲ. ಎಲೆಯಲ್ಲಿ ಪಿಷ್ಟವಿದೆ ಎಂದು ತೋರಿಸುವ ಪ್ರಯೋಗ ಪುಸ್ತಕದಲ್ಲಿ ಅರ್ಧ ಪುಟ. ಬುಧವಾರ ಅದನ್ನು ಮಾಡಿಸಬೇಕಾದರೆ ಸೋಮವಾರವೇ ಕುಂಡದ ಗಿಡವನ್ನು ಕತ್ತಲೆಯ ಕಪಾಟಿನಲ್ಲಿಟ್ಟಿರಬೇಕು. ಎಲೆಯಲ್ಲಿ ಮೊದಲೇ ಕೂಡಿಟ್ಟ ಪಿಷ್ಟ ಖಾಲಿಯಾಗದೆ ಹೋದರೆ ಬೆಳಕು ಬಿದ್ದ ಭಾಗವೂ ಮುಚ್ಚಿದ ಭಾಗವೂ ಅಯೋಡಿನ್ ಹಾಕಿದಾಗ ಒಂದೇ ಬಣ್ಣಕ್ಕೆ ತಿರುಗುತ್ತವೆ, ಪ್ರಯೋಗ ಏನನ್ನೂ ಹೇಳುವುದಿಲ್ಲ. ಆಮೇಲೆ ಎಲೆಯನ್ನು ನೀರಿನಲ್ಲಿ ಕುದಿಸಿ, ಪತ್ರಹರಿತ್ತು ಬಿಡಿಸಲು ಆಲ್ಕೋಹಾಲಿನಲ್ಲಿ ಕಾಯಿಸಬೇಕು. ಆಲ್ಕೋಹಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತದೆ, ಅದರ ಆವಿ ಥಟ್ಟನೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಅದನ್ನು ಉರಿಯ ಮೇಲಿಡದೆ, ಉರಿ ಆರಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸಬೇಕು. ನಲವತ್ತು ಮಕ್ಕಳಿರುವ ಕೋಣೆಯಲ್ಲಿ ಇದನ್ನು ನೋಡಿಕೊಳ್ಳುವುದು ಒಂದೇ ಜೊತೆ ಕಣ್ಣು.

ಸೋಡಿಯಂ ಹೈಡ್ರಾಕ್ಸೈಡಿನ 0.1 ಮೋಲಾರ್ ದ್ರಾವಣಕ್ಕೆ ಲೀಟರಿಗೆ 4 ಗ್ರಾಮ್ ಬೇಕು ಎನ್ನುವುದು ಸುಲಭದ ಲೆಕ್ಕ. ಆ ಬಿಳಿ ಗುಳಿಗೆಗಳು ತಕ್ಕಡಿಯಲ್ಲಿರುವಾಗಲೇ ಗಾಳಿಯ ತೇವ ಹೀರಿಕೊಂಡು ಭಾರವಾಗುತ್ತವೆ, ತೂಗಿದ 4 ಗ್ರಾಮಿನಲ್ಲಿ ಒಂದು ಪಾಲು ನೀರೇ ಇರುತ್ತದೆ. ಮೆಗ್ನೀಸಿಯಂ ಪಟ್ಟಿಯನ್ನು ಮರಳುಕಾಗದದಿಂದ ಉಜ್ಜದಿದ್ದರೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ತೇವದ ದಿನಗಳಲ್ಲಿ ಸ್ಥಾಯಿ ವಿದ್ಯುತ್ತಿನ ಪ್ರಯೋಗಗಳು ಕೈಕೊಡುತ್ತವೆ. ಆಮ್ಲವನ್ನು ನೀರಿಗೆ ನಿಧಾನವಾಗಿ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಹಾಕಬಾರದು ಎಂದು ಎಷ್ಟು ಸಲ ಹೇಳಿದರೂ ಸಾಲದು. ಗಾಢ ಸಲ್ಫ್ಯೂರಿಕ್ ಆಮ್ಲದ ಮೇಲೆ ಬಿದ್ದ ನೀರು ಮೇಲೆಯೇ ನಿಂತು, ಹುಟ್ಟುವ ಶಾಖಕ್ಕೆ ಕುದಿದು, ಆಮ್ಲವನ್ನು ಮುಖಕ್ಕೆ ಚಿಮ್ಮಿಸುತ್ತದೆ. ಮಕ್ಕಳನ್ನು ಬೆರಗುಗೊಳಿಸಬೇಕೆಂಬ ನಮ್ಮದೇ ಆಸೆಯಲ್ಲೂ ಅಪಾಯವಿದೆ. ಮೆಥನಾಲ್ ಸುರಿದು ಬಣ್ಣಬಣ್ಣದ ಜ್ವಾಲೆ ತೋರಿಸುವ ಪ್ರದರ್ಶನದಲ್ಲಿ ಉರಿ ಸೀಸೆಯೊಳಗೆ ನುಗ್ಗಿ ಮುಂದಿನ ಸಾಲಿನ ಮಕ್ಕಳು ಸುಟ್ಟುಕೊಂಡ ಘಟನೆಗಳು ನಡೆದಿವೆ. ಲವಣದ ದ್ರಾವಣದಲ್ಲಿ ನೆನೆಸಿದ ಕಡ್ಡಿಯನ್ನು ಬರ್ನರಿನ ಜ್ವಾಲೆಗೆ ಹಿಡಿದರೂ ಅದೇ ಬಣ್ಣ ಕಾಣುತ್ತದೆ. ಅಷ್ಟು ಸಾಕು.

ಸಮಯದ ಲೆಕ್ಕವನ್ನೂ ಒಮ್ಮೆ ಹಾಕೋಣ. 45 ನಿಮಿಷದ ಪಿರಿಯಡ್‌ನಲ್ಲಿ ಹಾಜರಿ, ಜಾಗ ಹಿಡಿಯುವುದು, ಕೊನೆಯಲ್ಲಿ ತೊಳೆದಿಡುವುದು ಇವಕ್ಕೆ ಹತ್ತು ನಿಮಿಷ. ಉಳಿಯುವುದು 35. ಮಕ್ಕಳು ನಲವತ್ತು, ಸೂಕ್ಷ್ಮದರ್ಶಕ ಐದು. ಒಂದಕ್ಕೆ ಎಂಟು ಜನ, ಒಬ್ಬೊಬ್ಬರಿಗೂ ನಾಲ್ಕೂವರೆ ನಿಮಿಷಕ್ಕಿಂತ ಕಡಿಮೆ. ಮೊದಲ ಬಾರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ತಮ್ಮ ಕಣ್ಣಿನ ರೆಪ್ಪೆಯನ್ನೋ ಗಾಳಿಯ ಗುಳ್ಳೆಯನ್ನೋ ಈರುಳ್ಳಿ ಸಿಪ್ಪೆಯ ಕೋಶವೆಂದು ಚಿತ್ರ ಬರೆಯುವುದು ಸಾಮಾನ್ಯ. ಅದು ಗುಳ್ಳೆ ಎಂದು ತಿಳಿಯುವ ಹೊತ್ತಿಗೆ ಸರದಿ ಮುಗಿದಿರುತ್ತದೆ. ಇದರ ಮೇಲೆ ದಾಖಲೆ ಪುಸ್ತಕಗಳು, ಸಭೆಗಳು, ರಜೆಯಲ್ಲಿರುವವರ ತರಗತಿಗಳು. ತಾನು ಓದಿದ್ದು ಭೌತವಿಜ್ಞಾನವಾದರೂ ಹೃದಯದ ಕವಾಟಗಳನ್ನೂ ಲೋಹಗಳ ಕ್ರಿಯಾಶೀಲತೆಯನ್ನೂ ಕಲಿಸಬೇಕಾದವರು ಹಿಂದಿನ ರಾತ್ರಿ ತಾವೇ ವಿದ್ಯಾರ್ಥಿಯಾಗಿ ಕೂರುತ್ತಾರೆ.

ಹೀಗೆ ಗಡಿಯಾರ ಬೆನ್ನು ಹತ್ತಿದಾಗ ಮೊದಲು ಬಲಿಯಾಗುವುದು ಮೌನ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡ್ ಎಂದು ಕಂಡರು. ಅಷ್ಟರೊಳಗೆ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳುತ್ತಿದ್ದರು, ಇಲ್ಲವೇ ತಾವೇ ಹೇಳಿಬಿಡುತ್ತಿದ್ದರು. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ನಿಧಾನವೆಂದು ಹೆಸರಾಗಿದ್ದ ಮಕ್ಕಳೂ ಬಾಯಿ ತೆರೆದರು, ಮಕ್ಕಳ ಕಡೆಯಿಂದ ಪ್ರಶ್ನೆಗಳು ಹೆಚ್ಚಿದವು. ಮೂರು ಸೆಕೆಂಡ್ ಎಂದರೆ ಏನು ಮಹಾ ಎನಿಸಬಹುದು. ನಲವತ್ತು ಜೊತೆ ಕಣ್ಣುಗಳ ಎದುರು ಸುಮ್ಮನೆ ನಿಂತು ನೋಡಿದವರಿಗೆ ಅದರ ಉದ್ದ ಗೊತ್ತು. ನಾನು ಮನಸ್ಸಿನಲ್ಲೇ ಎಣಿಸುತ್ತೇನೆ, ಈಗಲೂ.

ಬಂದ ಉತ್ತರ ತಪ್ಪಾಗಿದ್ದರೆ ನಿಜವಾದ ಕೆಲಸ ಆಗ ಶುರುವಾಗುತ್ತದೆ. ಬಲ್ಬನ್ನು ದಾಟಿದ ಮೇಲೆ ವಿದ್ಯುತ್ ಪ್ರವಾಹ ಕಡಿಮೆಯಾಗುತ್ತದೆ ಎಂದು ಮಗು ಹೇಳಿದರೆ, ತಪ್ಪು ಎಂದು ಮುಂದೆ ಹೋಗುವುದು ಒಂದು ದಾರಿ. ಬಲ್ಬಿನ ಆಚೆಗೂ ಈಚೆಗೂ ಪ್ರವಾಹ ಅಳೆಯುವ ಒಂದೊಂದು ಆಮ್ಮೀಟರ್ ಜೋಡಿಸಿ ಮಗುವಿನ ಕೈಯಲ್ಲೇ ಓದಿಸುವುದು ಇನ್ನೊಂದು. ಎರಡೂ ಒಂದೇ ಅಳತೆ ತೋರಿಸಿದಾಗ ಮಗು ಒಪ್ಪುತ್ತದೆ, ಆದರೆ ಅಲ್ಲಿಗೂ ಮುಗಿಯುವುದಿಲ್ಲ. ಹಾಗಾದರೆ ಬ್ಯಾಟರಿಯಲ್ಲಿ ಖಾಲಿಯಾಗುವುದು ಏನು? ಪ್ರವಾಹ ಮತ್ತು ಶಕ್ತಿ ಬೇರೆ ಬೇರೆ ಎಂಬ ಪಾಠ ಆ ಪ್ರಶ್ನೆಯ ಬಾಗಿಲಲ್ಲೇ ನಿಂತಿದೆ. ಮಗು ತಪ್ಪು ಹೇಳದಿದ್ದರೆ ಆ ಬಾಗಿಲು ಕಾಣುತ್ತಲೇ ಇರಲಿಲ್ಲ.

ಮನೆಗೆ ಹೊತ್ತು ತರುವ ಪುಸ್ತಕಗಳಲ್ಲೂ ಇದೇ ಹುಡುಕಾಟ. ಐದು ತರಗತಿ, ತರಗತಿಗೆ ನಲವತ್ತು ಮಕ್ಕಳು, ಒಟ್ಟು ಇನ್ನೂರು ಪುಸ್ತಕ. ಒಂದಕ್ಕೆ ಮೂರು ನಿಮಿಷ ಕೊಟ್ಟರೂ ಹತ್ತು ಗಂಟೆ. ಹಾಗಾಗಿ ಅಂಕ ಹಾಕಿ ಕೆಳಗಿಡುವುದು ಅಭ್ಯಾಸವಾಗುತ್ತದೆ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನನ್ನನ್ನು ಬಿಡದೆ ಕಾಡುತ್ತದೆ. ಮಕ್ಕಳ ಒಂದು ಗುಂಪಿಗೆ ಅಂಕ ಮಾತ್ರ, ಇನ್ನೊಂದಕ್ಕೆ ಬರೆದ ಮಾತು ಮಾತ್ರ, ಮೂರನೆಯದಕ್ಕೆ ಎರಡನ್ನೂ ಕೊಟ್ಟರು. ಚೆನ್ನಾಗಿ ಮುಂದುವರಿದದ್ದು ಮಾತು ಮಾತ್ರ ಸಿಕ್ಕ ಗುಂಪು. ಎರಡನ್ನೂ ಪಡೆದ ಗುಂಪಿಗೆ ಆ ಮಾತಿನಿಂದ ಅಂಥ ಪ್ರಯೋಜನ ಆಗಲಿಲ್ಲ. ಅಂಕ ಕಂಡ ಕಣ್ಣು ಕೆಳಗಿನ ಸಾಲಿಗೆ ಇಳಿಯುವುದಿಲ್ಲ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಪುಸ್ತಕ ಕೈಗೆ ಬಂದೊಡನೆ ಮಕ್ಕಳು ಮೊದಲು ಯಾವ ಪುಟ ತಿರುಗಿಸುತ್ತಾರೆ ಎಂದು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಕಳೆದ ವಾರ ಲೋಲಕದ ಪ್ರಯೋಗ ಮಾಡಿಸಿದ್ದೆ. ಒಂದು ಮೀಟರ್ ಉದ್ದದ ದಾರಕ್ಕೆ ಗುಂಡು ಕಟ್ಟಿ, ಇಪ್ಪತ್ತು ಆಂದೋಲನಗಳಿಗೆ ಹಿಡಿದ ಸಮಯ ಅಳೆದು, ಗುರುತ್ವ ವೇಗೋತ್ಕರ್ಷ, ಅಂದರೆ ಭೂಮಿಯ ಸೆಳೆತಕ್ಕೆ ಬೀಳುವ ವಸ್ತುವಿನ ವೇಗ ಏರುವ ದರ, ಕಂಡುಹಿಡಿಯಬೇಕು. ಹೆಚ್ಚಿನ ಪುಸ್ತಕಗಳಲ್ಲಿ ಪಠ್ಯದಲ್ಲಿರುವ 9.8 ಇತ್ತು, ಅದರಲ್ಲೂ ಕೆಲವದರಲ್ಲಿ ಅಳತೆಗಳಿಂದ ಆ ಸಂಖ್ಯೆ ಬರಲು ಸಾಧ್ಯವೇ ಇರಲಿಲ್ಲ. ಒಂದು ಪುಸ್ತಕದಲ್ಲಿ ಮಾತ್ರ 10.9 ಎಂದಿತ್ತು. ಹುಡುಗ ಅದನ್ನು ಹೊಡೆದುಹಾಕಿರಲಿಲ್ಲ, ತಿದ್ದಿರಲಿಲ್ಲ. ಸಮಯದ ಸಾಲಿನಲ್ಲಿ 38.1 ಸೆಕೆಂಡ್ ಎಂದು ಬರೆದಿದ್ದ. ಒಂದು ಮೀಟರ್ ಲೋಲಕಕ್ಕೆ ಇಪ್ಪತ್ತು ಆಂದೋಲನ ಮುಗಿಸಲು 40 ಸೆಕೆಂಡಿಗಿಂತ ತುಸು ಹೆಚ್ಚು ಬೇಕು. 38.1 ಸೆಕೆಂಡಿಗೆ ಹತ್ತೊಂಬತ್ತು ಮುಗಿದಿರುತ್ತವೆ. ಗುಂಡನ್ನು ಬಿಟ್ಟ ಕ್ಷಣದಲ್ಲೇ ಅವನು 'ಒಂದು' ಎಂದು ಎಣಿಸಿದ್ದಾನೆ, ಅಲ್ಲಿ 'ಸೊನ್ನೆ' ಎನ್ನಬೇಕಿತ್ತು. ಕೈಗಡಿಯಾರ ಸರಿಯಾಗಿ ಹಿಡಿದಿದ್ದಾನೆ, ದಾರ ಸರಿಯಾಗಿ ಅಳೆದಿದ್ದಾನೆ, ಗುಣಾಕಾರ ಭಾಗಾಕಾರ ಎಲ್ಲವೂ ಸರಿ.

ಆ ಪುಟದ ಮೇಲೆ ಅಂಕ ಬರೆಯಲಿಲ್ಲ. "ನಿನ್ನ ಅಳತೆಯನ್ನು ನಂಬಿದ್ದಕ್ಕೆ ಸಂತೋಷವಾಯಿತು. ಗುಂಡು ಕೈಬಿಟ್ಟಾಗ ಬಾಯಲ್ಲಿ ಯಾವ ಸಂಖ್ಯೆ ಇತ್ತು? ನಾಳೆ ಇನ್ನೊಮ್ಮೆ ಮಾಡಿ ತೋರಿಸು" ಎಂದು ಬರೆದು, ಅವನ ಪುಸ್ತಕವನ್ನು ರಾಶಿಯ ಮೇಲ್ಭಾಗದಲ್ಲಿಟ್ಟಿದ್ದೇನೆ. ನಾಳೆ ಮೂರನೆಯ ಪಿರಿಯಡ್ ಅವರದ್ದೇ ತರಗತಿ. ಲೋಲಕದ ಸ್ಟ್ಯಾಂಡನ್ನು ಬಿಚ್ಚದೆ ಹಾಗೆಯೇ ಬಿಟ್ಟು ಬಂದಿದ್ದೇನೆ.